ನಡುಗಂಬ ಯಾವ ಮರದ್ದು

ರಾಯಚೂರು
20 ಜನವರಿ 1985, ಭಾನುವಾರ

ಅತ್ತೆ,

ಇವತ್ತು ಬೆಳಿಗ್ಗೆ ನನ್ನ ಕೋಣೆಯ ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಒಂದು ಕುಂಬಾರ ಹುಳ ಮನೆ ಕಟ್ಟುತ್ತಿತ್ತು. ಅಂಗಳದ ನಲ್ಲಿ ತೊಟ್ಟಿಕ್ಕಿ ಕೆಸರಾದ ಜಾಗಕ್ಕೆ ಹೋಗುತ್ತದೆ, ಕಡಲೆಕಾಳಿನಷ್ಟು ಮಣ್ಣುಂಡೆ ತರುತ್ತದೆ, ಮೆತ್ತುತ್ತದೆ, ಸ್ವಲ್ಪ ಹಿಂದೆ ಸರಿದು ನೋಡುತ್ತದೆ, ಮತ್ತೆ ಹೋಗುತ್ತದೆ. ಹದಿನೇಳು ಸಲ ಎಣಿಸಿದೆ. ಮನೆಯೊಡತಿ ಕುಬ್ರಾ ಬೇಗಂ ಕಸಬರಿಗೆ ಹಿಡಿದು ಬಂದರು. “ಇರಲಿ ಬಿಡ್ರಿ ಅಮ್ಮಾ” ಎಂದೆ. “ಯಾರ್ನ ಕೇಳಿ ಕಟ್ಟಾಕತ್ತದ ಅದು?” ಎಂದು ನಕ್ಕು ಹಾಗೇ ಹೋದರು.

ಆ ಹುಳ ಮೆತ್ತುವುದನ್ನು ನೋಡಿ ನಿನ್ನ ಕೈ ನೆನಪಾಯಿತು. ಯುಗಾದಿಗೆ ಮುಂಚೆ ನೀನು ಗೋಡೆ ಮೆತ್ತುವಾಗ ನಾನು ಮಣ್ಣುಂಡೆ ಮಾಡಿ ಕೊಡುತ್ತಿದ್ದೆ. ಹತ್ತನೇ ವಯಸ್ಸಿಗೇ ಹಾಸ್ಟೆಲಿಗೆ ಬಂದವಳು ನಾನು. ಬಿ.ಎ.ಯಲ್ಲಿ ಕನ್ನಡ ಓದಿದೆ. ಹಳೆಯ ಕಾವ್ಯದಲ್ಲಿ ಬರುವ ಮರಗಳ ಹೆಸರು ಇಪ್ಪತ್ತಾದರೂ ಹೇಳಬಲ್ಲೆ. ಆದರೆ ನಾನು ಬೆಳೆದ ಗುಡಿಸಲಿನ ನಡುಗಂಬ ಯಾವ ಮರದ್ದು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಡುಗಂಬ ಯಾವ ಮರದ್ದು? ಗೋಡೆ ಯಾವುದರಿಂದ ಕಟ್ಟಿದ್ದು? ಮೇಲೆ ಹೊದಿಸಿದ್ದು ಏನು? ಒಂದೊಂದಾಗಿ ಬರೆಸು. ಯಾಕೆಂದು ಈಗಲೇ ಹೇಳುವುದಿಲ್ಲ. ಒಳ್ಳೆಯದಕ್ಕೇ ಕೇಳುತ್ತಿದ್ದೇನೆ ಎಂದು ತಿಳಿದುಕೋ.

ಎಂದಿನಂತೆ ಇದನ್ನು ನಿನಗೆ ಓದಿ ಹೇಳುವ ಮಾಸ್ತರರಿಗೆ ನನ್ನ ನಮಸ್ಕಾರ.

ಪಾರ್ವತೆಮ್ಮ


ಹುಣಸಿದೊಡ್ಡಿ, ದೇವದುರ್ಗ ತಾಲೂಕು
2 ಫೆಬ್ರವರಿ 1985

ಪಾರಿ,

ನಾ ಗೋಪಮ್ಮ ಹೇಳಾಕತ್ತೀನಿ. ಮಾಸ್ತರ ನನ್ನ ಮಾತಿಗೆ ತನ್ನ ಪುಸ್ತಕದ ಮಾತಿನ ಅಂಗಿ ತೊಡಿಸಿ ಬರೀತಿದ್ದ. ನಾ ಅಂದಂಗ ಬರಿ, ಇಲ್ಲಂದ್ರ ನಮ್ಮ ಹುಡುಗಿಗೆ ಇದು ನಮ್ಮತ್ತಿ ಪತ್ರ ಅಂತ ಗೊತ್ತಾಗಂಗಿಲ್ಲ ಅಂದೀನಿ. ಈಗ ಬರಾಬರಿ ಬರ್ಯಾಕತ್ತ್ಯಾನ.

ನೀ ಕೇಳಿದ್ದು ತಿಳೀತು. ಯಾಕ ಕೇಳಿದಿ ಅನ್ನೋದೂ ತಿಳೀತು. ನೀ ನಾಚಿಕಿ ಹುಡುಗಿ, ಬಿಡಿಸಿ ಬರಿಯಾಕಿ ಅಲ್ಲ.

ನಡುಗಂಬ ಸಾಗವಾನಿದು. ಗ್ವಾಡಿ ಕಲ್ಲಿಂದು. ಮ್ಯಾಲ ಹಂಚು ಹೊದಿಸೀವಿ. ಅಂಗಳ ದೊಡ್ಡದದ, ಹತ್ತು ಬಂಡಿ ನಿಲ್ತಾವ. ಮಾಸ್ತರ ಪೆನ್ನು ನಿಲ್ಲಿಸಿ ಮ್ಯಾಲ ನೋಡಾಕತ್ತ್ಯಾನ. ಮ್ಯಾಲೇನ್ ನೋಡ್ತಿ, ಕಾಗದ ನೋಡಿ ಬರಿ ಅಂದೆ.

ಕೇಳಿದೋರಿಗೆ ಇಷ್ಟೂ ಹೇಳು. ಅವರು ಯಾವೂರೋರು, ಹಿರೇರು ಯಾರದಾರ, ಮುಂದಿನ ಪತ್ರದಾಗ ಬರಿ. ನಿಮ್ಮಪ್ಪ, ನಿಮ್ಮವ್ವ ಇದ್ದಿದ್ರ ಅವರೇ ಹೇಳ್ತಿದ್ರು. ಈಗ ನಾನೇ ಹೇಳಬೇಕಲ್ಲ.

ಗೋಪಮ್ಮ

(ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ: ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. “ಹಂಚು” ಎಂದು ಬರೆಯುವಾಗ ಮೇಲಿನಿಂದ ಒಂದು ಹುಲ್ಲುಕಡ್ಡಿ ಕಾಗದದ ಮೇಲೆ ಬಿತ್ತು ಎಂಬುದನ್ನಷ್ಟೇ ತಿಳಿಸುತ್ತೇನೆ. ಉರುಕುಂದಪ್ಪ, ಶಿಕ್ಷಕ.)


ರಾಯಚೂರು
10 ಫೆಬ್ರವರಿ 1985

ಉರುಕುಂದಪ್ಪ ಮಾಸ್ತರರಿಗೆ ನಮಸ್ಕಾರಗಳು.

ನಿಮಗೆ ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ಎರಡು ವರ್ಷದಿಂದ ಅತ್ತೆಯ ಪತ್ರಗಳಲ್ಲಿ ನಿಮ್ಮ ಅಕ್ಷರ ಓದುತ್ತಾ ಬಂದಿದ್ದರೂ ಹೇಗೆ ಶುರುಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ.

ವಿಷಯ ಇಷ್ಟೆ. ನಾನು ದಿನಗೂಲಿಯ ಮೇಲೆ ಬರೆಯುವ ಕಚೇರಿಯಲ್ಲಿ ಮನೆಯಿಲ್ಲದವರಿಗೂ ಹುಲ್ಲಿನ ಗುಡಿಸಲಿನವರಿಗೂ ಮನೆ ಕೊಡುವ ಪಟ್ಟಿ ತಯಾರಾಗುತ್ತಿದೆ. ಇಟ್ಟಿಗೆ ಗೋಡೆ, ಸಿಮೆಂಟ್ ಶೀಟಿನ ಮಾಡು, ಒಂದು ಕೋಣೆ, ಒಂದು ಕಿಟಕಿ. ಈ ವರ್ಷ ನಮ್ಮ ದೊಡ್ಡಿಗೆ ಬಂದಿರುವುದು ಒಂದೇ ಮನೆ. ಪ್ರತಿ ಹೆಸರಿನ ಮುಂದೆ ಗೋಡೆ ಯಾವುದರದು, ಚಾವಣಿ ಯಾವುದರದು ಎಂದು ತುಂಬಬೇಕು. ಪಟ್ಟಿ ಮುಗಿದು ಮೇಲೆ ಹೋಗುವ ತನಕ ಯಾರಿಗೂ ಹೇಳಬಾರದು ಎಂಬ ನಿಯಮವಿರುವುದರಿಂದ ಅತ್ತೆಗೆ ಕಾರಣ ಬರೆಯಲಿಲ್ಲ. ಅವಳು ನೋಡಿದರೆ ಕಲ್ಲು, ಸಾಗವಾನಿ, ಹಂಚು ಎನ್ನುತ್ತಾಳೆ. ಹಾಗೆಯೇ ತುಂಬಿದರೆ ಅವಳ ಹೆಸರು ಬಿದ್ದುಹೋಗುತ್ತದೆ. ಯಾಕೆ ಹಾಗೆ ಹೇಳಿದಳೋ ನನಗೆ ಅರ್ಥವಾಗಿಲ್ಲ. ನಾನು ಕಣ್ಣುಮುಚ್ಚಿ ನೆನಪಿನಿಂದ ತುಂಬಬಹುದು. ಆದರೆ ನಾನು ಬರೆಯುವ ಸಾಲು ನಿಜವಾಗಿರಲಿ ಎಂದು ಆಸೆ.

ದಯವಿಟ್ಟು ಗುಡಿಸಲನ್ನು ನೋಡಿ ಇದ್ದದ್ದು ಇದ್ದಂತೆ ಬರೆದು ಕಳಿಸಿ. ಅವಳಿಗೆ ನೋವಾಗದಂತೆ ನೋಡಿ.

ಪಾರ್ವತೆಮ್ಮ


ಹುಣಸಿದೊಡ್ಡಿ
22 ಫೆಬ್ರವರಿ 1985

ಪಾರ್ವತೆಮ್ಮನವರಿಗೆ,

ನಿಮ್ಮ ಪತ್ರ ಶಾಲೆಯ ವಿಳಾಸಕ್ಕೆ ಬಂದದ್ದರಿಂದ ಗೋಪಮ್ಮನವರಿಗೆ ಗೊತ್ತಾಗಿಲ್ಲ. ಮೂರನೇ ತರಗತಿಗೆ “ನಮ್ಮ ಮನೆ” ಎಂಬ ಪಾಠವಿದೆ. ಹೊಲದ ನಡುವೆ ಹನ್ನೆರಡು ಗುಡಿಸಲು ಸೇರಿ ಆದ ಈ ದೊಡ್ಡಿಯ ಮಕ್ಕಳು ಆ ಪಾಠದ ಚಿತ್ರದಲ್ಲಿರುವಂಥ ಮನೆಯನ್ನು ನೋಡಿಯೇ ಇಲ್ಲ. ಆದ್ದರಿಂದ ಒಂಬತ್ತು ಮಕ್ಕಳನ್ನೂ ಕರೆದುಕೊಂಡು ನಿಮ್ಮ ಅತ್ತೆಯವರ ಗುಡಿಸಲಿಗೆ ಹೋಗಿ, “ಇದನ್ನ ಹೆಂಗ ಕಟ್ಟೀರಿ, ಹುಡುಗರಿಗೆ ಹೇಳ್ರಿ” ಎಂದೆ. ನನಗೆ ಹೇಳಿದ ಸುಳ್ಳನ್ನು ಅವರು ಮಕ್ಕಳಿಗೆ ಹೇಳಲಿಲ್ಲ.

ನಡುಗಂಬ ಕಮರದ್ದು. ಅವರ ತಂದೆ, ಎಂದರೆ ನಿಮ್ಮ ಅಜ್ಜ, ಗುಡ್ಡದಿಂದ ಬಂಡಿಯಲ್ಲಿ ತಂದದ್ದು. “ಗೆದ್ದಲು ಇದರ ಹತ್ರ ಬಂದು ಮೂಸಿ ನೋಡಿ ಹೊಳ್ಳಿ ಹೋಗ್ತದ” ಎಂದರು. ಸುತ್ತಲಿನ ಹನ್ನೆರಡು ಗಿಡ್ಡ ಕಂಬಗಳು ಬೇವು ಮತ್ತು ಜಾಲಿ. ಅವುಗಳ ನಡುವೆ ತೊಗರಿ ಕಟ್ಟಿಗೆಯನ್ನು ಹೆಣೆದ ತಡಿಕೆ. ತಡಿಕೆಗೆ ಒಳಗೂ ಹೊರಗೂ ಮೆತ್ತಿದ್ದು ಕೆಂಪು ಮಣ್ಣು, ಎರೆ ಮಣ್ಣು, ಸಜ್ಜೆ ಹೊಟ್ಟು, ಸಗಣಿ, ನಾಲ್ಕೂ ಸೇರಿಸಿ ಮೂರು ದಿನ ನೆನೆಹಾಕಿ ತುಳಿದದ್ದು. ಬರೀ ಎರೆಯಾದರೆ ಬಿರಿಯುತ್ತದೆ, ಬರೀ ಕೆಂಪಾದರೆ ಮಳೆಗೆ ತೊಳೆದುಹೋಗುತ್ತದೆ. ಮೇಲಿನ ಹೊದಿಕೆ ಎರಡು ಪದರ. ಕೆಳಗೆ ಕೃಷ್ಣಾ ಹೊಳೆ ದಂಡೆಯ ಆಪು ಎಂಬ ಉದ್ದನೆಯ ಜೊಂಡು, ಅದರ ಮೇಲೆ ಬಾದೆ ಹುಲ್ಲು. ಎಲ್ಲವನ್ನೂ ಬಿಗಿದದ್ದು ಪುಂಡಿ ನಾರಿನ ಹಗ್ಗದಿಂದ. ಒಂದೇ ಒಂದು ಮೊಳೆ ಇಲ್ಲ ಎಂದರು. ಮಕ್ಕಳು ಹುಡುಕಿ ಒಂದು ಕಂಡುಹಿಡಿದರು. ಕನ್ನಡಿ ತೂಗುಹಾಕಲು ನೀವು ಹೈಸ್ಕೂಲಿನಲ್ಲಿದ್ದಾಗ ಹೊಡೆದದ್ದಂತೆ.

ಇದ್ದದ್ದು ಇದ್ದಂತೆ ಎಂದಿರಿ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಆಷಾಢದಲ್ಲಿ ಮೂರು ಕಡೆ ಸೋರುತ್ತದೆ. ಹುಲ್ಲಿನಲ್ಲಿ ಚೇಳು ಇರುತ್ತವೆ. ಹೋದ ಬೇಸಿಗೆಯಲ್ಲಿ ಕಿಡಿ ಹಾರಿ ಪಕ್ಕದ ಹಂಪಮ್ಮನ ಗುಡಿಸಲು ಸುಟ್ಟು, ಆಕೆ ಮೂರು ಮಕ್ಕಳೊಂದಿಗೆ ಹುಣಸೆ ಮರದ ಕೆಳಗೆ ಇದ್ದಾಳೆ. ಹಾಗೆಯೇ ಮಧ್ಯಾಹ್ನ ಶಾಲೆಯ ತಗಡಿನ ಕೆಳಗೆ ಮಕ್ಕಳಿಗೆ ತಲೆಸುತ್ತು ಬಂದಾಗ ನಾನು ಪಾಠ ಮಾಡುವುದು ನಿಮ್ಮ ಅತ್ತೆಯವರ ಗುಡಿಸಲಿನಲ್ಲೇ.

ಸಾಗವಾನಿ ಎಂದದ್ದು ಯಾಕೆಂದು ಕೇಳಿದಿರಿ. ನಾನು ತುಂಗಭದ್ರೆ ದಂಡೆಯ ಚೀಕಲಪರ್ವಿಯವನು. ನಮ್ಮಲ್ಲೂ ಇದೇ ಕ್ರಮವಿದೆ. ಹೆಣ್ಣು ಕೇಳಲು ಬಂದವರು ನೇರವಾಗಿ ಕೇಳುವುದಿಲ್ಲ. “ನಿಮ್ಮ ಮನಿ ನಡುಗಂಬ ಯಾವ ಮರದ್ದು?” ಎನ್ನುತ್ತಾರೆ. ಒಪ್ಪಿಗೆಯಿದ್ದರೆ ಮರದ ಹೆಸರು ಹೇಳುತ್ತಾರೆ. ಇಲ್ಲದಿದ್ದರೆ “ಕಂಬ ನಾವು ನೋಡಿಲ್ಲ” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು, ಯಾರಿಗೂ ಮುಖಭಂಗವಿಲ್ಲ. ನಿಮ್ಮ ಮೊದಲ ಪತ್ರ ಓದಿ ಹೇಳಿದಾಗ ಅವರು ರಾಯಚೂರಿನಲ್ಲಿ ನಿಮ್ಮನ್ನು ಯಾರೋ ಕೇಳಿದ್ದಾರೆ ಎಂದುಕೊಂಡರು. ಹುಲ್ಲಿನ ಮನೆಯ ಹುಡುಗಿ ಎಂದು ನಿಮ್ಮನ್ನು ಯಾರೂ ಕೀಳಾಗಿ ಕಾಣಬಾರದು ಎಂದೇ ಅಷ್ಟು ಸಾಗವಾನಿ.

ಇನ್ನೊಂದು. ಬಾಗಿಲಿನ ಎಡಗಡೆ, ನನ್ನ ಮೊಣಕಾಲಿನ ಎತ್ತರದಲ್ಲಿ, ಗೋಡೆಯೊಳಗೆ ಒಂದು ಚಿಕ್ಕ ಕುಳಿಯಿದೆ. ಅದರೊಳಗೆ ಮಗುವಿನ ಎರಡು ಅಂಗೈ ಗುರುತು. ನಿಮ್ಮ ತಾಯಿ ತೀರಿದ ವರ್ಷ, ನಿಮಗೆ ಐದಾಗಿದ್ದಾಗ, ಹಸಿ ಗೋಡೆಗೆ ನೀವು ಒತ್ತಿದ್ದಂತೆ. ಅಂದಿನಿಂದ ಪ್ರತಿ ವರ್ಷ ಅದರ ಸುತ್ತ ಮಾತ್ರ ಮೆತ್ತುತ್ತಾರೆ. ಗೋಡೆ ವರ್ಷವರ್ಷಕ್ಕೆ ದಪ್ಪವಾಗಿ ಆ ಗುರುತು ಈಗ ಎರಡು ಬೆರಳಿನಷ್ಟು ಒಳಗಿದೆ. ಮಕ್ಕಳು ಒಬ್ಬೊಬ್ಬರಾಗಿ ಕೈಯಿಟ್ಟು ನೋಡಿದರು.

ಇದು ನಿಮ್ಮ ಪಟ್ಟಿಯ ಯಾವ ಸಾಲಿಗೂ ಸೇರುವುದಿಲ್ಲ. ಆದರೂ ಬರೆದೆ.

ಉರುಕುಂದಪ್ಪ


ರಾಯಚೂರು
3 ಮಾರ್ಚ್ 1985

ಅತ್ತೆ,

ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದು ಸರ್ಕಾರ. ಹುಲ್ಲಿನ ಗುಡಿಸಲಿನವರಿಗೆ ಮನೆ ಕಟ್ಟಿಕೊಡುತ್ತಾರೆ. ಪಟ್ಟಿಯಲ್ಲಿ ನಿನ್ನ ಹೆಸರು ನಾನೇ ನನ್ನ ಕೈಯಿಂದ ಬರೆದೆ, ಮಣ್ಣು ಎಂದೇ ಬರೆದೆ, ಹುಲ್ಲು ಎಂದೇ ಬರೆದೆ. ನಿನ್ನೆ ಮಂಜೂರಾಗಿ ಬಂತು. ಈ ಸುದ್ದಿಯನ್ನು ನಿನಗೆ ಮೊದಲು ಹೇಳುವವಳು ನಾನೇ ಆಗಬೇಕೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ.

ಒಂದು ಮಾತಿದೆ. ನಿನ್ನ ಹೆಸರಿಗೆ ಇರುವುದು ಗುಡಿಸಲಿನ ಆ ಜಾಗ ಒಂದೇ. ಹೊಸದು ಅಲ್ಲೇ ಏಳಬೇಕು. ಏಪ್ರಿಲ್ ಮುಗಿಯುವುದರೊಳಗೆ ಹಳೆಯದನ್ನು ತೆಗೆದು ನೆಲ ಸಮ ಮಾಡಿರಬೇಕಂತೆ. ನಿನ್ನ ಮನಸ್ಸಿಗೆ ಹೇಗೆನಿಸುತ್ತದೆ, ಮುಚ್ಚಿಡದೆ ಬರೆಸು. ನೀನು ಬೇಡ ಎಂದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಪಾರ್ವತೆಮ್ಮ


ಹುಣಸಿದೊಡ್ಡಿ
16 ಮಾರ್ಚ್ 1985

ಪಾರಿ,

ಆತು ಬಿಡು. ಮನಿ ಬರ್ಲಿ. ಬ್ಯಾಡ ಅನ್ನಾಕ ನನಗೇನ್ ಹುಚ್ಚೇನು.

ನಿಮ್ಮ ಕಾಕಾ ಗದ್ದೆಪ್ಪಗ ಹೇಳೀನಿ. ಬಸವ ಜಯಂತಿ ಆದ ಮ್ಯಾಲ ಹಾರಿ ತಗೊಂಡು ಬರ್ತೀನಿ ಅಂದಾನ. ಮೊದಲು ಹುಲ್ಲು ಇಳಸೋದು, ಆಮ್ಯಾಲ ತಡಿಕಿ, ಕಡೀಕ ಕಂಬ. ಕಂಬ ಹಂಪಮ್ಮಗ ಕೊಡ್ತೀನಿ, ಒಲಿಗರ ಆಗ್ತದ. ಈ ವರ್ಷ ಗ್ವಾಡಿ ಮೆತ್ತಲಿಲ್ಲ. ಕೆಡವೋ ಗ್ವಾಡಿಗೆ ಯಾಕ ಮಣ್ಣು ದಂಡ.

ಪಾರಿ, ನಾ ಒಂದು ಮಾತು ಅನ್ನಬಾರದು ಅಂತಿದ್ದೆ. ದಸರಾಕ್ಕ ಬಂದಾಕಿ ನಾಕು ದಿನ ಇರ್ತೀನಿ ಅಂತ ಬರ್ದಿದ್ದಿ. ಕಡುಬು ಮಾಡಿದ್ದೆ. ಹೊಸ ಚಾಪಿ ಹಾಸಿದ್ದೆ. ಹೊತ್ತು ಮುಳುಗೋದ್ರಾಗ ಚೀಲ ಹೆಗಲಿಗೆ ಹಾಕ್ಕೊಂಡು ಸಂಜಿ ಬಸ್ಸಿಗೆ ಓಡಿಬಿಟ್ಟಿ. ತಲಿನೋವು ಅಂದಿ. ನಾ ಬಾಗಿಲದಾಗ ನಿಂತು ನೋಡಿದೆ, ಹೊಳ್ಳಿ ಸುದ್ದಾ ನೋಡಲಿಲ್ಲ. ಅವತ್ತೇ ತಿಳೀತು. ಈ ಹೊಗಿ, ಈ ಸಗಣಿ ನೆಲ ನಿನಗ ಈಗ ಒಗ್ಗಂಗಿಲ್ಲ. ತಪ್ಪಲ್ಲ ಅದು. ನಾನೇ ಓದಾಕ ಕಳಿಸಿದಾಕಿ. ಸಿಮೆಂಟಿನ ಮನಿ ಆದ್ರ ಒಂದು ರಾತ್ರಿ ಇದ್ದು ಹೋಗ್ತಿ. ನನಗ ಅಷ್ಟು ಸಾಕು.

ಗೋಪಮ್ಮ

(ಅಡಿಯಲ್ಲಿ: ಇದನ್ನು ಬರೆಯುವುದು ನನಗೆ ಸುಲಭವಾಗಲಿಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಶಾಲೆಗೆ ಬೇಸಿಗೆ ರಜೆ, ಅಂದೇ ಊರಿಗೆ ಹೋಗುತ್ತೇನೆ. ನಿಮಗೇನಾದರೂ ಹೇಳುವುದಿದ್ದರೆ ಅಷ್ಟರೊಳಗೆ ಬರೆದರೆ ಓದಿ ಹೇಳಬಲ್ಲೆ. ಉ.)


ರಾಯಚೂರು
24 ಮಾರ್ಚ್ 1985
(ಕಳಿಸದ ಪತ್ರ)

ಅತ್ತೆ,

ಇದನ್ನು ನಿನಗೆ ಕಳಿಸಲಾರೆ. ಕಳಿಸಿದರೆ ಓದುವವರು ಯಾರು ಎಂಬುದು ನಿನಗೂ ಗೊತ್ತು. ದೊಡ್ಡಿಯಲ್ಲಿ ಕನ್ನಡ ಕೂಡಿಸಿ ಓದುವ ದೊಡ್ಡವರು ಅವರೊಬ್ಬರೇ.

ನಾನು ಓಡಿದ್ದು ಹೊಗೆಗಲ್ಲ, ಸಗಣಿ ನೆಲಕ್ಕಲ್ಲ. ಅವತ್ತು ನಾನು ನಡುಗಂಬಕ್ಕೆ ಒರಗಿ ಕೂತು ಕಡುಬು ತಿನ್ನುತ್ತಿದ್ದೆ. ಬಾಗಿಲಿನ ಬೆಳಕಿಗೆ ಅಡ್ಡವಾಗಿ ಒಬ್ಬರು ಬಂದು ನಿಂತರು. “ಗೋಪಮ್ಮಾರ, ಪತ್ರ ಬರಿಯೋದಿತ್ತೇನು?” ಎಂದರು. ಎರಡು ವರ್ಷ ಅಕ್ಷರವಾಗಿಯೇ ಇದ್ದವರಿಗೆ ಧ್ವನಿ ಇತ್ತು, ಬಗ್ಗಿ ಒಳಗೆ ಬರುವಾಗ ಮಾಡಿಗೆ ತಲೆ ತಾಗಿ ಕೂದಲಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ನನ್ನ ಬಾಯಲ್ಲಿ ಕಡುಬು. ನಾನು ನಿನಗೆ ಬರೆದದ್ದನ್ನೆಲ್ಲ, ಹಾಸ್ಟೆಲಿನಲ್ಲಿ ಅತ್ತದ್ದು, ಜ್ವರ ಬಂದದ್ದು, ಒಬ್ಬಳೇ ಸಿನೆಮಾಕ್ಕೆ ಹೋಗಿ ಅರ್ಧಕ್ಕೇ ಬಂದದ್ದು, ಎಲ್ಲವನ್ನೂ ಜೋರಾಗಿ ಓದಿದವರು ಎದುರಿಗೆ ನಿಂತಿದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದವಳು ಮತ್ತೆ ಅವರ ಮುಂದೆ ಬರಲಾಗದೆ ಚೀಲ ಹಿಡಿದೆ. ಹೊರಳಿ ನೋಡದೆ ಇದ್ದದ್ದು ಅದಕ್ಕೇ.

ಇಷ್ಟು ಸಣ್ಣ ಕಾರಣಕ್ಕೆ ನಿನ್ನ ಮನೆ ಬೀಳುತ್ತದೆಯೇ? “ಕೆಡವಬೇಡ” ಎಂದಷ್ಟೇ ಬರೆದರೆ ನೀನು ನಂಬುವುದಿಲ್ಲ, ನಿನ್ನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎನ್ನುತ್ತೀ. ನಂಬಬೇಕಾದರೆ ಇದನ್ನೇ ಬರೆಯಬೇಕು. ಇದನ್ನೇ ಬರೆಯಲಾರೆ.

ಟ್ರಂಕಿನ ತಳದಲ್ಲಿ ಇಡುತ್ತೇನೆ.


ರಾಯಚೂರು
14 ಏಪ್ರಿಲ್ 1985, ಭಾನುವಾರ

ಅತ್ತೆ,

ಇಪ್ಪತ್ತಕ್ಕೆ ಮುಂಚೆ ಇದು ತಲುಪಲಿ.

ಗುಡಿಸಲು ಕೆಡವಬೇಡ. ದಸರೆಯ ಸಂಜೆ ನಾನು ಓಡಿಹೋದದ್ದು ಮನೆಗಾಗಿ ಅಲ್ಲ. ಈಗ ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವರು ಅವತ್ತು ಬಾಗಿಲಿಗೆ ಬಂದರು. ಅವರ ಮುಂದೆ ಹೇಗೆ ಕೂರಬೇಕೆಂದು ತಿಳಿಯಲಿಲ್ಲ. ಅದಕ್ಕೆ ಹೋದೆ. ತಲೆನೋವು ಇರಲಿಲ್ಲ.

ಓದುವವರು ಇಲ್ಲಿ ನಿಲ್ಲಿಸಬಾರದು, ಮುಂದಿನದನ್ನೂ ಓದಬೇಕು. ಅವರ ತಪ್ಪೇನೂ ಇಲ್ಲ. ಅವರು ಬರೆದ ಗೋಡೆಯ ಪತ್ರವನ್ನು ನಾನು ಬಹಳ ಸಲ ಓದಿದ್ದೇನೆ.

ಅತ್ತೆ, ಆ ಹೊಗೆಯ ವಾಸನೆ ನನ್ನ ಹಳೆಯ ಕೌದಿಯಲ್ಲಿ ಇನ್ನೂ ಇದೆ. ಆರು ವರ್ಷದಿಂದ ಅದನ್ನು ಒಗೆದಿಲ್ಲ. ಕುಬ್ರಾ ಬೇಗಂ ಬೈಯುತ್ತಾರೆ. ಮನೆ ಬೇಕೋ ಬೇಡವೋ ಎಂಬುದನ್ನು ನಿನಗೋಸ್ಕರ ಯೋಚಿಸು, ನನಗೋಸ್ಕರ ಬೇಡ.

ಪಾರ್ವತೆಮ್ಮ


ರಾಯಚೂರು
30 ಏಪ್ರಿಲ್ 1985
(ಕಾರ್ಡು)

ಅತ್ತೆ, ಎರಡು ವಾರ ದಾಟಿತು, ಉತ್ತರವಿಲ್ಲ. ನನ್ನ ಪತ್ರ ಬಂತೋ ಇಲ್ಲವೋ? ಕಚೇರಿಯಲ್ಲಿ ಇವತ್ತು “ಹಳೆ ಗುಡಿಸಲು ತೆಗೆದಿದೆ” ಎಂಬ ಸಾಲಿಗೆ ಗುರುತು ಹಾಕುತ್ತಿದ್ದಾರೆ. ನಿನ್ನ ಹೆಸರಿನ ಮುಂದೆ ಇನ್ನೂ ಖಾಲಿ ಇದೆ. ಯಾರಿಂದಲಾದರೂ ಒಂದು ಸಾಲು ಬರೆಸು. ಪಾ.


ಚೀಕಲಪರ್ವಿ, ಮಾನ್ವಿ ತಾಲೂಕು
6 ಮೇ 1985

ಪಾರಿ,

ಊರು ನೋಡಿ ಗಾಬರಿ ಆಗಬ್ಯಾಡ. ನಾ ಮಾಸ್ತರನ ಮನಿಯಾಗ ಕುಂತೀನಿ.

ಪೋಸ್ಟಿನ ದಸ್ತಗೀರ್ ಸಾಬ್ ನಿನ್ನ ಪತ್ರ ತಂದಿದ್ದು ಇಪ್ಪತ್ತೆರಡಕ್ಕ. ಮಾಸ್ತರ ಹೋಗಿ ಎರಡು ದಿನ ಆಗಿತ್ತು. ನೀನೇ ಓದಪ್ಪ ಅಂದೆ. “ಯವ್ವಾ, ನನಗ ಉರ್ದು ಬರ್ತದ, ಕನ್ನಡ ವಿಳಾಸದ ಮಟ್ಟ ಅಷ್ಟೇ” ಅಂದ. ಇಸಗೊಂಡು ಕಂಬಕ್ಕ ಕಟ್ಟಿದ ಹಗ್ಗದಾಗ ಸಿಗಸಿ ಇಟ್ಟೆ. ಕಾರ್ಡು ಬಂತು, ಅದನ್ನೂ ಅಲ್ಲೇ ಸಿಗಸಿದೆ.

ಗದ್ದೆಪ್ಪ ಹಾರಿ ತಗೊಂಡು ಬಂದ. ಹುಲ್ಲು ಇಳಿಸಿದ. ಆಪು ಇಳಿಸಿದ. ಮನಿಯಾಗ ಕುಂತ್ರ ಆಕಾಶ ಕಾಣಾಕತ್ತು. ಕಂಬಕ್ಕ ಹಾರಿ ಹಾಕಾಕ ಬಂದಾಗ ತಡಿ ಅಂದೆ. ಪಾರಿ ಪತ್ರ ಬಂದದ, ಓದಿಸಿದ ಮ್ಯಾಲ ಕೀಳೋಣು. “ದೇವದುರ್ಗಕ್ಕ ಹೋದ್ರ ಸಿಕ್ಕೋರು ಓದ್ತಾರ, ನಡಿ” ಅಂದ. ನಮ್ಮ ಹುಡುಗಿ ಪತ್ರ ಸಿಕ್ಕಸಿಕ್ಕೋರ ಬಾಯಾಗ ಹಾಕಾಕ ಅದೇನು ಎಲಿ ಅಡಿಕೇನು ಅಂದೆ. “ಎರಡು ಕಾಗದಕ್ಕ ಮಾನ್ವಿ ಮಟ ಹೋಗ್ತಿಯೇನು ಬೇ, ತಲಿ ಕೆಟ್ಟದೇನು” ಅಂದ. ಹೋಗ್ತೀನಿ, ನಾ ಬರೋಮಟ ಕಂಬ ಮುಟ್ಟಿದ್ರ ನಿನ್ನ ಹಾರಿ ಹೊಳ್ಯಾಗ ಒಗೀತೀನಿ ಅಂದೆ.

ನಾಕು ರೊಟ್ಟಿ ಕಟ್ಟಿಕೊಂಡೆ. ದೇವದುರ್ಗಕ್ಕ ಬಂದು ಒಂದು ಬಸ್ಸು, ಸಿರವಾರದಾಗ ಇಳಿದು ಇನ್ನೊಂದು, ಮಾನ್ವಿಯಾಗ ಮತ್ತೊಂದು. ಮಾಸ್ತರ ಉರುಕುಂದಪ್ಪನ ಮನಿ ಯಾವುದು ಅಂತ ಕೇಳ್ಕೋಂತ ಬಂದೆ. ಅವನು ಹೊಳೀಲಿಂದ ನೀರು ಹೊತ್ಕೊಂಡು ಬರಾಕತ್ತಿದ್ದ. ನನ್ನ ನೋಡಿ ಕೊಡ ಇಳಸೋದು ಮರ್ತು ಹಂಗೇ ನಿಂತ.

ಅಂಗಳದಾಗ ಕುಂತು ಓದಿದ. ಇಪ್ಪತ್ತಕ್ಕ ಮುಂಚೆ ತಲುಪಲಿ, ಅಂತ ಓದಿದ. ಕೆಡವಬೇಡ, ಅಂತ ಓದಿದ. ಆಮ್ಯಾಲ ನಿಂತುಬಿಟ್ಟ. ಅವರವ್ವ ವೆಂಕಮ್ಮ ಒಲಿ ಮುಂದಿಂದ “ಯಾಕ ನಿಂತಿ, ಓದು” ಅಂದಳು. “ಅಕ್ಷರ ಸರಿ ಇಲ್ಲ” ಅಂದ. ನಮ್ಮ ಪಾರಿ ಅಕ್ಷರ ಸರಿ ಇಲ್ಲೇನು, ಎರಡು ವರ್ಷ ಗಡಗಡ ಓದೀಯಲ್ಲ ಅಂದೆ. ಆಗ ಓದಿದ. ನೆಲ ನೋಡ್ಕೋಂತ, ಬಾಲವಾಡಿ ಹುಡುಗನಂಗ ಒಂದೊಂದೇ ಮಾತು ಓದಿದ.

ನಾ ನಕ್ಕಿದ್ದು ನೋಡಿ ವೆಂಕಮ್ಮನೂ ನಕ್ಕಳು. ಆಮ್ಯಾಲ ನಾನೇ ಅತ್ತುಬಿಟ್ಟೆ. ಯಾಕಬೇ ಹುಡುಗಿ, ಗುಡ್ಸಲದ ತಪ್ಪಲ್ಲ, ಮಾಸ್ತರನ ತಪ್ಪು ಅಂತ ಮೊದಲೇ ಅಂದಿದ್ರ ನಾ ಮಾಸ್ತರನ್ನ ಹೊರಗ ಕುಂದರಿಸ್ತಿದ್ದೆ. ಏಳು ತಿಂಗಳು ನಾ ಗ್ವಾಡಿ ಮ್ಯಾಲ ಸಿಟ್ಟು ಮಾಡೀನಿ. ಗ್ವಾಡಿ ಏನ್ ಮಾಡಿತ್ತು ಪಾಪ.

ಈಗ ಕೇಳು. ಪಟ್ಟಿಯಾಗ ನನ್ನ ಹೆಸರು ಹೊಡೆದು ಹಂಪಮ್ಮನ ಹೆಸರು ಬರಿ. ಆಕೀಗೆ ಬೇಕು ಸುಡಲಾರದ ಮನಿ. ನನ್ನ ಹೆಬ್ಬೆಟ್ಟು ಕೆಳಗ ಒತ್ತೀನಿ, ತೋರಿಸು. ನನಗ ಕಂಬ ಅದ, ತಡಿಕಿ ಅದ, ಗ್ವಾಡಿ ಅದ. ಆಪು ಮುರಿದು ಹೋಗ್ಯಾವ. ಇಲ್ಲಿ ತುಂಗಭದ್ರಾ ದಂಡ್ಯಾಗ ಆಪು ನಮ್ಮ ಹೊಳಿಗಿಂತ ಉದ್ದ ಅದಾವ. ಮಾಸ್ತರ ನಿನ್ನೆಯಿಂದ ಕೊಯ್ಯಾಕತ್ತ್ಯಾನ. ಕೈ ತುಂಬ ಗೀರು. ಇದನ್ನ ಬರೀಬ್ಯಾಡ ಅನ್ನಾಕತ್ತ್ಯಾನ, ಬರಿ ಅಂದೀನಿ.

ಇನ್ನೊಂದು ಮಾತು. ನಿನ್ನೆ ಉಂಡು ಕುಂತಾಗ ವೆಂಕಮ್ಮ ಕೇಳಿದಳು, “ಗೋಪಕ್ಕ, ನಿಮ್ಮ ಮನಿ ನಡುಗಂಬ ಯಾವ ಮರದ್ದು?” ಅಂತ.

ಮಾಸ್ತರ ಪೆನ್ನು ಇಟ್ಟುಬಿಟ್ಟ ಪಾರಿ. ಹೊರಗ ಹೋಗಿ ನೀರು ಕುಡುದು ಬಂದು ಈಗ ಕುಂತಾನ. ಬರಿ ಮಾಸ್ತರ, ಅರ್ಧ ಬರೆದು ಬಿಡಬಾರದು.

ನಾ ಸಾಗವಾನಿ ಅನ್ನಲಿಲ್ಲ. ಕಮರ ಅಂತಾನೂ ಅನ್ನಲಿಲ್ಲ. ಓದಿದ ಹುಡುಗಿ, ಕಂಬ ಆಕಿ ನೋಡ್ಯಾಳೋ ಇಲ್ಲೋ ಆಕಿನ್ನೇ ಕೇಳ್ತೀನಿ ಅಂದೆ. ನೋಡಿಲ್ಲ ಅಂತ ಬರೆದ್ರೂ ನನಗ ಸಿಟ್ಟಿಲ್ಲ, ಇವರಿಗೂ ಇಲ್ಲ. ಆಪು ಮಾತ್ರ ಹೆಂಗೂ ಕಳಿಸ್ತೀವಿ ಅಂದಾಳ ವೆಂಕಮ್ಮ. ಉತ್ತರ ಇಲ್ಲಿಗೇ ಬರಿ. ಬಂಡಿ ಹೊಂಡೋ ತನಕ ಇರ್ತೀನಿ.

ಗೋಪಮ್ಮ

(ಅಡಿಯಲ್ಲಿ ಹೆಬ್ಬೆಟ್ಟಿನ ಗುರುತು. ಅದರ ಪಕ್ಕದಲ್ಲಿ ಬೇರೇನೂ ಇಲ್ಲ.)


ರಾಯಚೂರು
11 ಮೇ 1985, ಶನಿವಾರ

ಅತ್ತೆ,

ಇದನ್ನೂ ಅವರೇ ಓದುತ್ತಾರೆ, ಗೊತ್ತು. ಓದಲಿ.

ನಿನ್ನ ಹೆಬ್ಬೆಟ್ಟು ತೋರಿಸಿದೆ. ನಮ್ಮ ಹೆಡ್ ಕ್ಲಾರ್ಕ್ ರಾಮಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಬೇಕು ಅನ್ನೋರ ಕೂಡ ಬಡದಾಡಿ ಬಡದಾಡಿ ಕೂದಲು ಬೆಳ್ಳಗಾದ್ವು ನೋಡವ್ವ. ಬ್ಯಾಡ ಅನ್ನೋರನ್ನ ಇವತ್ತೇ ಕಾಣಾಕತ್ತೀನಿ” ಎಂದರು. ಹಂಪಮ್ಮನ ಹೆಸರು ಸೇರಿಸಲು ಒಪ್ಪಿ ಸಹಿ ಹಾಕಿದ್ದಾರೆ. ಅವಳ ಮನೆ ಅವಳ ಸುಟ್ಟ ಜಾಗದಲ್ಲೇ ಏಳುತ್ತದೆ.

ಕಿಟಕಿಯ ಕುಂಬಾರ ಹುಳದ ಮನೆ ಯಾವಾಗಲೋ ಖಾಲಿಯಾಗಿದೆ. ಪಕ್ಕದಲ್ಲಿ ಒಂದು ತೂತು ಮಾಡಿಕೊಂಡು ಮರಿ ಹಾರಿಹೋಗಿದೆ. ಕುಬ್ರಾ ಬೇಗಂ ಅದನ್ನು ಇನ್ನೂ ಕೀಳಿಸಿಲ್ಲ. ನನ್ನ ಚೀಲ ಕಟ್ಟುವುದನ್ನು ನೋಡಿ, “ಕೌದಿನೂ ಹಾಕ್ಕೊಳ್ಳಾಕತ್ತೀಯಲ್ಲ, ಎಷ್ಟು ದಿನ?” ಎಂದರು.

ಹದಿನೆಂಟರ ಶನಿವಾರ ಹೊರಟು ದೊಡ್ಡಿಗೆ ಬರುತ್ತೇನೆ. ಹತ್ತು ದಿನ ರಜೆ ಬರೆದುಕೊಟ್ಟಿದ್ದೇನೆ. ಅಷ್ಟರಲ್ಲಿ ಬಂಡಿ ಬಂದಿದ್ದರೆ ಆಪು ಹೊದಿಸಲು ಕೈಜೋಡಿಸುತ್ತೇನೆ. ಎರೆ ಮಣ್ಣು, ಕೆಂಪು ಮಣ್ಣು ತರಿಸಿಡು, ಹೊಟ್ಟು ಸೇರಿಸಿ ನೆನೆಹಾಕು. ಈ ವರ್ಷ ಮೆತ್ತದೆ ಬಿಟ್ಟ ಗೋಡೆಯನ್ನು ನಾನು ಮೆತ್ತುತ್ತೇನೆ. ಬಾಗಿಲಿನ ಎಡಗಡೆ ಎಲ್ಲಿ ಬಿಡಬೇಕೆಂದು ನನಗೆ ಗೊತ್ತು. ಕೈ ಗೀರಿದವರಿಗೆ ಅರಿಶಿನ ಹಚ್ಚಿಕೊಳ್ಳಲು ಹೇಳು.

ಮತ್ತೆ, ವೆಂಕಮ್ಮನವರು ಕೇಳಿದ್ದಕ್ಕೆ ಉತ್ತರ.

ಕಂಬ ನಾನು ನೋಡಿದ್ದೇನೆ. ಕಮರದ್ದು.

ದೊಡ್ಡಿಯಿಂದ ಸಂಜೆಯ ಬಸ್ಸು ಎಷ್ಟಕ್ಕೆ ಎಂದು ಈ ಸಲ ನಾನು ಯಾರನ್ನೂ ಕೇಳಿಲ್ಲ.

ಪಾರಿ